ಸೈಕಲ್ ಮೇಲೆ ಹೊರಿಸಿದ ತುಕ್ಕು

ಪುಣೆಯ ಗ್ರಾಹಕರಿಂದ ಫೋಟೋ ಬಂದದ್ದು ಒಂದು ಸೋಮವಾರ, ಬೆಳಗಿನ ಮೀಟಿಂಗಿಗೆ ಹತ್ತು ನಿಮಿಷ ಮುಂಚೆ. ಕನ್ನಡಿಯ ಹಾಗೆ ಹೊಳೆಯಬೇಕಾದ ಉಕ್ಕಿನ ತುಂಡಿನ ಮೇಲೆ ಬೆರಳ ತುದಿಯ ಆಕಾರದ ಕಂದು ಕಲೆ. ಯಾರೋ ಕಾಫಿಯಲ್ಲಿ ಬೆರಳದ್ದಿ ಒತ್ತಿದ ಹಾಗಿತ್ತು. ಅದು ತುಕ್ಕು. ಫೋಟೋದ ಜೊತೆಗೆ ಒಂದು ಫಾರಂ ಇತ್ತು. ಐದು ದಿನದೊಳಗೆ ಕಾರಣ ಬರೆದು ಕಳಿಸಬೇಕಿತ್ತು.

ನಮ್ಮದು ರಾಜಾನುಕುಂಟೆ ದಾಟಿ ಸ್ವಲ್ಪ ಮುಂದಿರುವ, ಯಂತ್ರಗಳ ಬಿಡಿಭಾಗ ಮಾಡುವ ಕಾರ್ಖಾನೆ. ನಾನು ಅಲ್ಲಿ ಕ್ವಾಲಿಟಿ ವಿಭಾಗದ ಇನ್‌ಚಾರ್ಜ್. ಈ ಗ್ರಾಹಕರಿಗೆ ನಾವು ಮಾಡಿಕೊಡುತ್ತಿದ್ದದ್ದು ಸ್ಪೂಲ್. ಜೆಸಿಬಿಯಂಥ ಯಂತ್ರಗಳ ವಾಲ್ವಿನೊಳಗೆ ಜಾರಾಡುವ ಗೇಣುದ್ದದ ಉಕ್ಕಿನ ಕಡ್ಡಿ ಅದು. ಬಾರ್ ಕತ್ತರಿಸಬೇಕು, ಲೇತ್‌ನಲ್ಲಿ ತಿರುಗಿಸಬೇಕು, ಕಾಯಿಸಿ ಗಟ್ಟಿ ಮಾಡಬೇಕು, ಆಮೇಲೆ ಗ್ರೈಂಡಿಂಗ್. ಗ್ರೈಂಡಿಂಗ್ ಆದ ಮೇಲೆ ಬಿಸಿ ದ್ರಾವಣದಲ್ಲಿ ತೊಳೆಯಬೇಕು, ಕೊನೆಯ ತಪಾಸಣೆ ಮಾಡಿ ಪ್ಯಾಕ್ ಮಾಡಬೇಕು. ಈ ಸಾಲನ್ನು ಗಮನವಿಟ್ಟು ಓದಿದವರು ನಾನು ಮಾಡಿದ ತಪ್ಪನ್ನು ನನಗಿಂತ ಬೇಗ ಹಿಡಿಯಬಹುದು. ನನಗೆ ಎರಡು ತಿಂಗಳು ಬೇಕಾಯಿತು.

ಮೊದಲಿನ ಗ್ರಾಹಕರಿಗೆಲ್ಲ ನಾವು ತುಂಡುಗಳನ್ನು ಎಣ್ಣೆಯಲ್ಲಿ ಅದ್ದಿ ಕಳಿಸುತ್ತಿದ್ದೆವು. ಎಣ್ಣೆ ಇದ್ದರೆ ಯಾರು ಮುಟ್ಟಿದರೂ ಕ್ಷೇಮ. ಪುಣೆಯವರು ಮಾತ್ರ ಎಣ್ಣೆ ಬೇಡ, ತುಕ್ಕು ತಡೆಯುವ ಕಾಗದದಲ್ಲಿ ಸುತ್ತಿ ಒಣಗಿದ್ದನ್ನೇ ಕಳಿಸಿ ಎಂದಿದ್ದರು. ಹೊರಗೆ ಮಳೆಗಾಲ. ಬರಿಗೈಯಲ್ಲಿ ಮುಟ್ಟಿದ ಬೆವರಿನ ಉಪ್ಪು ಉಕ್ಕಿನ ಮೇಲೆ ಉಳಿದರೆ ನಾಲ್ಕು ದಿನದಲ್ಲಿ ಕಲೆ ಏಳುತ್ತದೆ. ಇಷ್ಟು ನನಗೆ ಫೋಟೋ ನೋಡಿದ ಕೂಡಲೇ ಗೊತ್ತಾಯಿತು. ಯಾರ ಬೆವರು ಎಂಬುದೊಂದೇ ಪ್ರಶ್ನೆ ಉಳಿದಿತ್ತು.

ಮೀಟಿಂಗಿನಲ್ಲಿ ಆ ಪ್ರಶ್ನೆಯನ್ನು ನಾನು ಪೂರ್ತಿ ಕೇಳುವುದಕ್ಕೂ ಬಿಡದೆ ಪ್ಲಾಂಟ್ ಹೆಡ್ ಉತ್ತರ ಕೊಟ್ಟರು.

“ಇದರಲ್ಲಿ ಹುಡುಕೋದೇನಿದೆ ಮೇಡಂ? ಗ್ರೈಂಡಿಂಗ್‌ನಲ್ಲಿ ಆ ಗದಗದ ಕಡೆಯವನು ಇದ್ದಾನಲ್ಲ, ಸೈಕಲಲ್ಲಿ ಬರೋನು. ಬೆಳಿಗ್ಗೆ ಅವನನ್ನ ನೋಡಿದ್ದೀರಾ? ತೊಯ್ದು ತೊಪ್ಪೆ ಆಗಿರ್ತಾನೆ.”

ನೋಡಿದ್ದೆ. ಎಲ್ಲರೂ ನೋಡಿದ್ದರು. ಆ ಆಪರೇಟರ್ ಯಲಹಂಕದ ಆಚೆಗಿರುವ ಸಿಂಗಾಪುರವೆಂಬ ಊರಿನಿಂದ ಯಲಹಂಕದ ಮೇಲೆ ಹಾದು ದಿನಾ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಕಂಪನಿ ಬಸ್ಸು ಹೆಬ್ಬಾಳದಿಂದ ಹೊರಟು ಯಲಹಂಕಕ್ಕೆ ಬರುತ್ತಿತ್ತೇ ಹೊರತು ಸಿಂಗಾಪುರದ ಕಡೆ ತಲೆ ಹಾಕುತ್ತಿರಲಿಲ್ಲ. ಆರು ಗಂಟೆಯ ಪಾಳಿಗೆ ಸಿಟಿ ಬಸ್ಸನ್ನು ನಂಬಿ ಕೂತರೆ ಆಗುವುದಲ್ಲ. ಆದರೂ ಬೈಕ್ ಕೊಳ್ಳಲಾರದವರೇನಲ್ಲ. ಒಮ್ಮೆ ಕೇಳಿದ್ದಕ್ಕೆ, “ಸೈಕಲ್ ಹೊಡದ್ರ ಮೈ ಹಗುರ ಇರತೈತ್ರಿ” ಎಂದಿದ್ದರು.

ಕಾರ್ಖಾನೆಯ ಕಣ್ಣಿಗೆ ಅದೇ ಒಂದು ಅಪರಾಧ. ಗೇಟಿನ ಒಳಗೆ ಕಾರಿಗೆ ಶೆಡ್ಡಿತ್ತು, ಬೈಕಿಗೆ ಶೆಡ್ಡಿತ್ತು. ಸೈಕಲ್ಲಿಗೆ ಜನರೇಟರ್ ಹಿಂದಿನ ಗುಜರಿ ತೊಟ್ಟಿಯ ಪಕ್ಕದ ಜಾಗ. ಯಾಕಪ್ಪ ಎಂದು ಒಮ್ಮೆ ಸೆಕ್ಯೂರಿಟಿಯವನನ್ನು ಕೇಳಿದ್ದೆ. ರಾಜಾನುಕುಂಟೆಯವನೇ ಆದ ಅವನು ತನ್ನ ಟೋಪಿ ಸರಿಮಾಡಿಕೊಂಡು, “ಇಂಗೆ ಮುಂದ್ಗಡೆ ಸೈಕಲ್ ನಿಂತ್ರೆ ಕಂಪ್ನಿ ಮರ್ವಾದೆ ಓಯ್ತದೆ ಅಂತ ಸಾಹೇಬ್ರು ಏಳವ್ರೆ ಮೇಡಮ್ಮೋರೆ” ಎಂದ. ಅದೇ ಸಾಹೇಬರು, ಅಂದರೆ ನಮ್ಮ ಪ್ಲಾಂಟ್ ಹೆಡ್, ಭಾನುವಾರ ಮೈಗಂಟಿದ ಬಟ್ಟೆ ತೊಟ್ಟು ನಂದಿ ಬೆಟ್ಟದವರೆಗೆ ಸೈಕಲ್ ತುಳಿದು ಆಫೀಸಿನ ವಾಟ್ಸಾಪ್ ಗುಂಪಿಗೆ ಫೋಟೋ ಹಾಕುತ್ತಿದ್ದರು. ನಾವೆಲ್ಲ ಸೂಪರ್ ಸಾರ್ ಎನ್ನುತ್ತಿದ್ದೆವು. ಆಟಕ್ಕೆ ತುಳಿದರೆ ಆರೋಗ್ಯ, ಕೆಲಸಕ್ಕೆ ತುಳಿದರೆ ದರಿದ್ರ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರೂ ಪಾಲಿಸುತ್ತಿದ್ದೆವು.

ಗ್ರಾಹಕರ ಫಾರಂನಲ್ಲಿ ಐದು ಸಾಲುಗಳಿರುತ್ತವೆ. ಪ್ರತಿ ಸಾಲಿಗೂ ಒಂದೊಂದು ‘ಯಾಕೆ’. ಉತ್ತರಕ್ಕೆ ಮತ್ತೆ ಯಾಕೆ ಎಂದು ಕೇಳಿಕೊಂಡು ಹೋದರೆ ಐದನೆಯದರಲ್ಲಿ ಮೂಲ ಕಾರಣ ಸಿಗಬೇಕು. ಹಾಗೆಂದು ತರಬೇತಿಯಲ್ಲಿ ಕಲಿಸುತ್ತಾರೆ, ನಾನೇ ಎಷ್ಟೋ ಜನಕ್ಕೆ ಕಲಿಸಿದ್ದೇನೆ. ಆ ದಿನ ನಾನು ತುಂಬಿದ್ದು ಹೀಗಿತ್ತು. ತುಕ್ಕು ಯಾಕೆ? ಬೆರಳಿನ ಬೆವರು. ಬೆವರು ಯಾಕೆ? ಆಪರೇಟರ್ ಬರಿಗೈಯಲ್ಲಿ ಮುಟ್ಟುತ್ತಾರೆ. ಗ್ಲೌಸ್ ಯಾಕಿಲ್ಲ? ತಿರುಗುವ ಯಂತ್ರದ ಬಳಿ ಗ್ಲೌಸ್ ಹಾಕಿದರೆ ಕೈ ಎಳೆದುಕೊಳ್ಳುವ ಅಪಾಯ. ಈ ಆಪರೇಟರ್ ಹೆಚ್ಚು ಬೆವರುವುದು ಯಾಕೆ? ದೂರದಿಂದ ಸೈಕಲ್ಲಿನಲ್ಲಿ ಬರುತ್ತಾರೆ. ಅದು ಯಾಕೆ? ಸೈಕಲ್ಲಿನಲ್ಲಿ ಬರಬಾರದೆಂಬ ನಿಯಮವಿಲ್ಲ.

ಪರಿಹಾರ: ನಿಯಮ ಮಾಡಲಾಗಿದೆ. ಗ್ರೈಂಡಿಂಗ್ ಮತ್ತು ಅದರ ಮುಂದಿನ ಫಿನಿಷಿಂಗ್ ವಿಭಾಗದವರು ಸೈಕಲ್ಲಿನಲ್ಲಿ ಬರಬಾರದು. ಸಂಬಂಧಪಟ್ಟವರನ್ನು ಬೇರೆಡೆಗೆ ವರ್ಗಾಯಿಸಲಾಗಿದೆ.

ಗ್ರಾಹಕರು ಎರಡೇ ದಿನದಲ್ಲಿ ಒಪ್ಪಿದರು. ಫಾರಂ ಕ್ಲೋಸ್ ಆಯಿತು. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು.

ಆಪರೇಟರನ್ನು ಗ್ರೈಂಡಿಂಗ್‌ನಿಂದ ತೆಗೆದು ಬಾರ್ ಕತ್ತರಿಸುವ ಗರಗಸದ ಬಳಿ ಹಾಕಿದರು. ಎರಡು ವರ್ಷದಿಂದ ಟ್ರೇನಿಯಾಗಿದ್ದವರು, ಆ ಮಳೆಗಾಲದ ಕೊನೆಗೆ ಕಾಯಂ ಆಗಬೇಕಿತ್ತು. ನಮ್ಮಲ್ಲಿ ಒಂದು ಪದ್ಧತಿ. ಎರಡು ವರ್ಷ ಮುಗಿದವರ ಹೆಸರು ಒಂದೇ ಸಲ ಕಮಿಟಿಯ ಮುಂದೆ ಬರುತ್ತದೆ. ಕಾಯಂ ಮಾಡಬೇಕು, ಇಲ್ಲವೇ ಕಳಿಸಿಕೊಡಬೇಕು. ಆಮೇಲೆ ನೋಡೋಣ ಎಂಬುದಿಲ್ಲ. ಗರಗಸದ ಬಳಿ ನಿಂತವನನ್ನು ಗ್ರೈಂಡಿಂಗ್ ಆಪರೇಟರ್ ಎಂದು ಕಾಯಂ ಮಾಡುವ ಹಾಗೂ ಇಲ್ಲ. ನನ್ನ ಐದನೆಯ ‘ಯಾಕೆ’ ಅವರ ಕೆಲಸದ ಬುಡಕ್ಕೇ ಬಂದಿತ್ತು.

ವರ್ಗವಾದ ದಿನ ಅವರು ನನ್ನ ಮೇಜಿನ ಬಳಿ ಬಂದರು.

“ಮೇಡಂ, ನನ್ನ ಬೆವರಿಂದ ತುಕ್ಕ ಹಿಡದೈತಿ ಅಂತ ಬರದೀರಂತಲ್ರಿ?”

“ನಿಮ್ಮ ಹೆಸರು ಬರೆದಿಲ್ಲ ಕಣ್ರೀ, ಆಪರೇಟರ್ ಅಂತಷ್ಟೇ ಬರೆದಿರೋದು.”

“ಸೈಕಲ್ ಮ್ಯಾಲೆ ಬರಾಂವ ಅಂದ್ರ ಇಲ್ಲಿ ಮತ್ಯಾರದಾರ್ರಿ? ನಾ ಬಂದ ಕೂಡ್ಲೆ ಕೈ ಮಾರಿ ತೊಳಕೊಂಡು, ಅಂಗಿ ಬದಲಿ ಮಾಡೇ ಮಷಿನ್ ಮುಟ್ಟತೇನ್ರಿ. ನೀವು ಒಂದಿನಾ ಬಂದು ನೋಡಿಲ್ಲಲ್ರಿ.”

ಉತ್ತರವಿಲ್ಲದಾಗ ದೊಡ್ಡವರು ಮಾಡುವುದನ್ನೇ ನಾನೂ ಮಾಡಿದೆ, ಬುದ್ಧಿ ಹೇಳಿದೆ. ಸ್ವಲ್ಪ ದಿನ ಸೈಕಲ್ ಬಿಡಿ, ಸಾಹೇಬರ ಮನಸ್ಸು ತಣ್ಣಗಾಗಲಿ, ನಾನು ಮಾತಾಡ್ತೀನಿ ಎಂದೆ. ಅವರು ತಲೆಯಾಡಿಸಿ ಹೋದರು.

ಬಿಟ್ಟರು ಕೂಡ. ಎರಡು ವಾರ ಬಸ್ಸಿನಲ್ಲಿ ಬಂದರು. ಯಲಹಂಕದಲ್ಲಿ ಬಸ್ಸು ಬದಲಿಸಿ ಬರುವ ಹೊತ್ತಿಗೆ ಪಾಳಿ ಶುರುವಾಗಿರುತ್ತಿತ್ತು. ಅಲ್ಲಿಯವರೆಗೆ ಒಂದು ದಿನವೂ ತಡವಾಗದವರ ಹೆಸರಿನ ಮುಂದೆ ಸಾಲಾಗಿ ಕೆಂಪು ಗೆರೆ ಬಿತ್ತು. ಅದಕ್ಕೆ ಅವರೊಂದು ಉಪಾಯ ಮಾಡಿದರು. ಮತ್ತೆ ಸೈಕಲ್ ಹತ್ತಿ ರಾಜಾನುಕುಂಟೆ ಸರ್ಕಲ್ಲಿನ ಟೀ ಅಂಗಡಿಯ ಹಿಂದೆ ನಿಲ್ಲಿಸಿ, ಮುಖ ಒರೆಸಿಕೊಂಡು, ಉಳಿದ ದಾರಿ ನಡೆದು ಬರತೊಡಗಿದರು. ಯಾರೋ ನೋಡಿದರು, ಸುದ್ದಿ ಮೇಲೆ ಹೋಯಿತು.

“ನೋಡಿದ್ರಾ ಮೇಡಂ?” ಎಂದರು ಪ್ಲಾಂಟ್ ಹೆಡ್. “ಸುಳ್ಳು ಬೇರೆ ಕಲಿತಿದ್ದಾನೆ. ಮೂವತ್ತು ದಾಟಿದೋನು ಒಂದು ಗಾಡಿ ತಗೊಳ್ಳಲ್ಲ ಅಂದ್ರೆ ಲೈಫಲ್ಲಿ ಸೀರಿಯಸ್‌ನೆಸ್ ಇಲ್ಲ ಅಂತ ಅರ್ಥ. ಕಮಿಟೀಲಿ ನಾನು ಬೇಡ ಅಂತೀನಿ.”

ಅಷ್ಟರಲ್ಲಿ ಶಾಪ್ ಫ್ಲೋರಿನಲ್ಲಿ ಅವರಿಗೆ ತುಕ್ಕಣ್ಣ ಎಂಬ ಹೆಸರು ಬಿದ್ದಿತ್ತು. ಅವರು ಅಳತೆಯ ವರ್ನಿಯರ್ ವಾಪಸ್ ಕೊಟ್ಟರೆ ಉಳಿದವರು ಬನಿಯನ್ ಬಟ್ಟೆಯಲ್ಲಿ ಒರೆಸಿ ತೆಗೆದುಕೊಳ್ಳುತ್ತಿದ್ದರು. ಮೊದಮೊದಲು ತಮಾಷೆಗೆ, ಆಮೇಲೆ ಅಭ್ಯಾಸಕ್ಕೆ. ಹೊಳೆಯುವ ತುಂಡುಗಳ ಟ್ರೇ ಪಕ್ಕ ಅವರು ಹಾದುಹೋದರೆ ಯಾರಾದರೊಬ್ಬರು “ಏಯ್, ಮುಟ್ಬೇಡ ಗುರು” ಎನ್ನುತ್ತಿದ್ದರು. ನಾನು ಅದನ್ನು ಕೇಳಿಸಿಕೊಂಡಿದ್ದೆ. ಸುಮ್ಮನೆ ನನ್ನ ಕೆಲಸ ನೋಡಿಕೊಂಡೆ. ಅದನ್ನು ನೆನೆದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕಮಿಟಿಗೆ ಇನ್ನು ಎಂಟು ದಿನ ಇರುವಾಗ ಪುಣೆಯಿಂದ ಎರಡನೆಯ ದೂರು ಬಂತು. ಅದೇ ಕಲೆ, ಈ ಸಲ ಹದಿನಾಲ್ಕು ಫೋಟೋ. ಕೆಳಗೊಂದು ಸಾಲಿನಲ್ಲಿ, ನಿಮ್ಮ ಹಿಂದಿನ ಪರಿಹಾರ ಕೆಲಸ ಮಾಡಿಲ್ಲ ಎಂದು ಬರೆದಿದ್ದರು.

“ಹಳೇ ಲಾಟ್ ಇರ್ಬೇಕು” ಎಂದರು ಪ್ಲಾಂಟ್ ಹೆಡ್. ನನಗೂ ಹಾಗೇ ಇರಲಿ ಎನಿಸಿತ್ತು. ತುಂಡಿನ ತುದಿಯ ಮುಖದಲ್ಲಿ ಕೊರೆದ ಲಾಟ್ ನಂಬರನ್ನು ಗ್ರೈಂಡಿಂಗ್ ಪುಸ್ತಕದ ಜೊತೆ ತಾಳೆ ನೋಡಿದೆ. ಹದಿನಾಲ್ಕೂ ಆ ಆಪರೇಟರ್ ಗರಗಸಕ್ಕೆ ಹೋದ ಮೇಲೆ ತಯಾರಾದವು. ಅವರ ಕೈ ಸೋಕಿದ್ದು ಒರಟು ಬಾರ್ ಆಗಿದ್ದಾಗ ಮಾತ್ರ. ಆಮೇಲೆ ಲೇತು, ಕುಲುಮೆ, ಗ್ರೈಂಡಿಂಗ್ ಕಲ್ಲು ಎಲ್ಲವನ್ನೂ ದಾಟಿ ಯಾರ ಬೆವರೂ ಉಳಿಯುವುದಿಲ್ಲ.

ಹದಿನಾಲ್ಕು ಫೋಟೋಗಳನ್ನೂ ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿದೆ. ಮೊದಲ ಸಲ ನಾನು ಕಲೆ ನೋಡಿದ್ದೆ, ಅದು ಎಲ್ಲಿದೆ ಎಂದು ನೋಡಿರಲಿಲ್ಲ. ಎಲ್ಲ ತುಂಡುಗಳಲ್ಲೂ ಕಲೆ ಎರಡು ತುದಿಗಳ ಹತ್ತಿರವಿತ್ತು, ನಡುವೆ ಒಂದೂ ಇರಲಿಲ್ಲ. ಗ್ರೈಂಡಿಂಗ್ ಆಪರೇಟರ್ ಸ್ಪೂಲನ್ನು ಯಂತ್ರದಿಂದ ಬಿಡಿಸುವಾಗ ನಡುವಿಗೆ ಕೈ ಹಾಕಿ ಹಿಡಿಯುತ್ತಾರೆ. ತುದಿಗಳನ್ನು ಯಂತ್ರವೇ ಹಿಡಿದಿರುತ್ತದೆ. ಎರಡು ತುದಿಗಳನ್ನು ಬೆರಳಲ್ಲಿ ಹಿಡಿದು ಯಾರು ಎತ್ತುತ್ತಾರೆ ಎಂದು ಯೋಚಿಸುತ್ತ, ಪಕ್ಕದ ಟ್ರೇಯಿಂದ ಒಂದು ಸ್ಪೂಲ್ ತೆಗೆದು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ನೋಡಿದೆ.

ಎರಡೂ ತುದಿಗಳನ್ನು ಹಿಡಿದು ನೋಡುತ್ತಿದ್ದವಳು ನಾನು.

ಸ್ಪೂಲನ್ನು ಟ್ರೇಗೆ ವಾಪಸಿಟ್ಟೆ. ಕೊನೆಯ ತಪಾಸಣೆ ನಡೆಯುವುದು ತೊಳೆದ ಮೇಲೆ. ಆಪರೇಟರ್ ಎಷ್ಟೇ ಬೆವರಲಿ, ಅದು ಬಿಸಿ ದ್ರಾವಣದಲ್ಲಿ ತೊಳೆದು ಹೋಗಿರುತ್ತದೆ. ತೊಳೆದ ನಂತರ ಪ್ಯಾಕಿಂಗಿನ ಹೆಂಗಸರು ಗ್ಲೌಸ್ ಹಾಕಿಕೊಳ್ಳುತ್ತಾರೆ, ತಪಾಸಣೆಯ ಇಬ್ಬರು ಇನ್‌ಸ್ಪೆಕ್ಟರುಗಳೂ ಹಾಕಿಕೊಳ್ಳುತ್ತಾರೆ. ಹೊಸ ಗ್ರಾಹಕರೆಂದು ಪ್ರತಿ ಟ್ರೇಯಿಂದ ನಾಲ್ಕಾರು ತುಂಡು ಎತ್ತಿ ಬರಿಗೈಯಲ್ಲಿ ನೋಡುತ್ತಿದ್ದವಳು ನಾನೊಬ್ಬಳೇ. ಅಂಚಿನಲ್ಲುಳಿದ ಉಕ್ಕಿನ ಸಣ್ಣ ಮುಳ್ಳು ಗ್ಲೌಸಿಗೆ ತಿಳಿಯುವುದಿಲ್ಲ, ನನ್ನ ಬೆರಳಿಗೆ ತಿಳಿಯುತ್ತದೆ ಎಂಬ ಹಮ್ಮು ನನಗಿತ್ತು. ನಾನು ಬರುವುದೂ ಎಸಿ ಕ್ಯಾಬ್‌ನಲ್ಲಿ, ಯಲಹಂಕ ನ್ಯೂ ಟೌನಿನಿಂದ. ಹಣೆಯ ಮೇಲೆ ಒಂದು ಹನಿ ಇರುತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂತಾರಲ್ಲ, ಬರೆಯ ಕಬ್ಬಿಣವನ್ನು ಕಾಯಿಸಿದ್ದೂ ನಾನೇ.

ಅನುಮಾನ ಬೇರೆ, ರುಜುವಾತು ಬೇರೆ. ಗ್ರೈಂಡ್ ಮಾಡಿದ ಆರು ಉಕ್ಕಿನ ಬಳೆಗಳನ್ನು ದ್ರಾವಣದಲ್ಲಿ ಶುಚಿ ಮಾಡಿ, ನಂಬರ್ ಕೊರೆದು ಇಟ್ಟೆ. ಗ್ರೈಂಡಿಂಗ್‌ನ ಇಬ್ಬರು, ಇನ್‌ಸ್ಪೆಕ್ಟರುಗಳಿಬ್ಬರು, ನಾನು, ಮತ್ತು ಸೈಕಲ್ಲಿನವರು. ಒಬ್ಬೊಬ್ಬರೂ ಒಂದೊಂದು ಬಳೆಯನ್ನು ಒಂದು ನಿಮಿಷ ಹಿಡಿಯಬೇಕು. ಆಮೇಲೆ ಒದ್ದೆ ಸ್ಪಂಜಿಟ್ಟ ಡಬ್ಬಿಯಲ್ಲಿ ಮುಚ್ಚಿಟ್ಟು ಮರುದಿನ ನೋಡುವುದು. ಸೈಕಲ್ಲಿನವರಿಗೆ ಹಿಂದಿನ ದಿನವೇ ಹೇಳಿದೆ.

“ನಾಳೆ ಸೈಕಲಲ್ಲೇ ಗೇಟಿನವರೆಗೂ ಬನ್ನಿ. ನಾನೂ ಬೇಗ ಬಂದಿರ್ತೀನಿ. ಕೈ ತೊಳ್ಕೋಬೇಡಿ, ಸೀದಾ ನನ್ನ ಹತ್ರ ಬನ್ನಿ.”

ಅವರು ಗರಗಸದ ಸ್ವಿಚ್ ಆರಿಸಿದರು. “ಮತ್ತೇನರ ಆತೇನ್ರಿ?”

“ಆಗಿದೆ. ಆದರೆ ನಿಮ್ಮಿಂದ ಅಲ್ಲ ಅನ್ಸತ್ತೆ.”

“ಇದು ನನ್ನ ಹಿಡ್ಯಾಕ ಮಾಡಿದ್ದಲ್ಲ ಹೌದಲ್ರಿ?”

ಅಲ್ಲ ಎಂದೆ. ನಂಬುವುದಕ್ಕೆ ಅವರಿಗೆ ಕಾರಣವಿರಲಿಲ್ಲ, ಆದರೂ ಬಂದರು. ಕತ್ತಿನಿಂದ ಬೆವರು ಇಳಿಯುತ್ತಿತ್ತು. ಬಳೆಯನ್ನು ಗಟ್ಟಿಯಾಗಿ ಹಿಡಿದು ಗೋಡೆಯ ಗಡಿಯಾರ ನೋಡುತ್ತ ನಿಂತರು. ಒಂದು ನಿಮಿಷವಾಯಿತು, ಸಾಕು ಎಂದರೂ ಇನ್ನೊಂದು ನಿಮಿಷ ಹಿಡಿದೇ ಇದ್ದರು.

ಮರುದಿನ ಬೆಳಿಗ್ಗೆ ಡಬ್ಬಿ ತೆರೆದೆ. ಐದು ಬಳೆಗಳು ಹೊಳೆಯುತ್ತಿದ್ದವು, ಅವರದೂ. ನನ್ನದರ ಮೇಲೆ ಮಾತ್ರ ಹೆಬ್ಬೆರಳು, ತೋರುಬೆರಳು, ಎರಡೂ ಕಂದಾಗಿ ಮೂಡಿದ್ದವು. ಕೆಲವರ ಬೆವರಿನಲ್ಲಿ ಉಪ್ಪು ಹೆಚ್ಚು, ಅವರು ಮುಟ್ಟಿದ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ ಎಂದು ಕೇಳಿದ್ದೆ. ಬೆವರು ಎಷ್ಟು ಸುರಿಯುತ್ತದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅಂಥವರಲ್ಲಿ ನಾನೂ ಒಬ್ಬಳು ಎಂದು ನಲವತ್ತಾರನೆಯ ವಯಸ್ಸಿನಲ್ಲಿ ತಿಳಿಯಿತು.

ಇನ್‌ಸ್ಪೆಕ್ಟರುಗಳು ಬರುವುದಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಆ ಅರ್ಧ ಗಂಟೆ ನಾನೇನು ಯೋಚಿಸಿದೆ ಎಂದು ಮುಚ್ಚಿಡುವುದಿಲ್ಲ. ನನ್ನ ಬಳೆಯನ್ನು ಒರೆಸಿಬಿಡಬಹುದು ಎಂದುಕೊಂಡೆ. ಇವತ್ತಿನಿಂದ ಗ್ಲೌಸ್ ಹಾಕಿಕೊಂಡರೆ ತುಕ್ಕು ನಿಲ್ಲುತ್ತದೆ. ತೊಳೆದ ನಂತರದ ನಿರ್ವಹಣೆಯಲ್ಲಿ ಲೋಪ ಎಂದು ಬರೆದರೆ ಫಾರಂ ಮತ್ತೆ ಕ್ಲೋಸ್ ಆಗುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಹಾಗೆ ಬರೆದರೆ ಸೈಕಲ್ಲಿನ ಸಾಲು ಹಳೆಯ ಫಾರಂನಲ್ಲಿ ಹಾಗೇ ಇರುತ್ತದೆ. ಕಮಿಟಿಯ ಮುಂದೆ ಬರುವುದು ಆ ಫಾರಂ.

ಒರೆಸಲಿಲ್ಲ. ನನ್ನದು, ಸೈಕಲ್ಲಿನವರದು, ಎರಡೂ ಬಳೆಗಳನ್ನು ತೆಗೆದುಕೊಂಡು ಪ್ಲಾಂಟ್ ಹೆಡ್ ಕೋಣೆಗೆ ಹೋದೆ.

ಅವರು ಬಹಳ ಹೊತ್ತು ನೋಡಿದರು. “ಸರಿ, ಗ್ಲೌಸ್ ಹಾಕ್ಕೊಳ್ಳಿ. ಆದರೆ ಕ್ವಾಲಿಟಿ ಇನ್‌ಚಾರ್ಜ್ ಕೈಯಿಂದಲೇ ಅಂತ ಬರೆದ್ರೆ ಕಸ್ಟಮರ್ ಏನ್ ಅನ್ಕೋತಾರೆ? ನಮ್ಮ ಬುಡಕ್ಕೇ ನೀರು ಬಿಟ್ಕೊಂಡ ಹಾಗೆ. ಜನರಲ್ ಆಗಿ ಬರೀರಿ.”

“ಹೋದ ಸಲ ಜನರಲ್ ಆಗಿ ಬರೆದಿರಲಿಲ್ಲ ಸಾರ್. ಸೈಕಲ್ ಅಂತ ಬರೆದಿದ್ವಿ.”

“ಅವನು ಆಪರೇಟರ್ ಮೇಡಂ. ನಿಮ್ಮ ವಿಷ್ಯ ಬೇರೆ.”

ಆ ಮಾತು ನನ್ನ ಪರವಾಗಿಯೇ ಇತ್ತು. ಅದಕ್ಕೇ ಇರಬೇಕು, ಮೈಯೆಲ್ಲ ಉರಿಯಿತು. “ಬೇರೆ ಏನಿಲ್ಲ ಸಾರ್, ಬೆವರು ಬೆವರೇ. ನಾನು ಬರೆಯೋದು ಬರೀತೀನಿ, ನೀವು ಸಹಿ ಹಾಕದೇ ಇದ್ರೆ ನನ್ನ ಸಹಿ ಒಂದರಲ್ಲೇ ಹೋಗುತ್ತೆ” ಎಂದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಮೇಲಿನವರಿಗೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಫಾರಂ ತುಂಬಿದೆ. ಕಾರಣ: ಕ್ವಾಲಿಟಿ ಇನ್‌ಚಾರ್ಜ್ ತೊಳೆದ ತುಂಡುಗಳನ್ನು ಬರಿಗೈಯಲ್ಲಿ ಮುಟ್ಟಿದ್ದು. ಹಿಂದಿನ ವರದಿಯ ಕಾರಣ ತಪ್ಪು, ಅದನ್ನು ಹಿಂತೆಗೆದುಕೊಂಡಿದ್ದೇವೆ, ಸೈಕಲ್ ನಿಯಮ ರದ್ದು. ಸಂಜೆಯ ಹೊತ್ತಿಗೆ ಪ್ಲಾಂಟ್ ಹೆಡ್ ಸಹಿ ಹಾಕಿ ಕಳಿಸಿದ್ದರು. ಪುಣೆಯವರು ಒಂದು ಕಟುವಾದ ಪತ್ರ ಬರೆದರು, ಬಂದು ತಪಾಸಣೆ ಮಾಡಿ ಹೋದರು, ಆರ್ಡರ್ ಉಳಿಯಿತು. ಕಮಿಟಿಯಲ್ಲಿ ನಾನು ಎರಡು ಫಾರಂಗಳನ್ನೂ ಪಕ್ಕಪಕ್ಕ ಇಟ್ಟೆ. ಪ್ಲಾಂಟ್ ಹೆಡ್ “ಅಟೆಂಡೆನ್ಸ್ ನೋಡಿ” ಎಂದರು. ನೋಡಿದರು. ಕೆಂಪು ಗೆರೆಗಳಿದ್ದದ್ದು ಬಸ್ಸಿನಲ್ಲಿ ಬಂದ ಎರಡು ವಾರ ಮಾತ್ರ. ಆಪರೇಟರ್ ಕಾಯಂ ಆದರು, ಗ್ರೈಂಡಿಂಗ್‌ಗೆ ವಾಪಸಾದರು. ಸೈಕಲ್ಲಿಗೆ ಮಾತ್ರ ಬೈಕ್ ಶೆಡ್ಡಿನಲ್ಲಿ ಜಾಗ ಇವತ್ತಿಗೂ ಸಿಕ್ಕಿಲ್ಲ.

ಆದೇಶದ ಪತ್ರ ಬಂದ ದಿನ ಅವರನ್ನು ಕರೆದು ಕ್ಷಮೆ ಕೇಳಿದೆ. ಹೊಸ ಫಾರಂ ತೋರಿಸಿದೆ. ಅವರು ಇಂಗ್ಲಿಷಿನ ಸಾಲುಗಳ ಮೇಲೆ ಬೆರಳಿಟ್ಟುಕೊಂಡು ಓದಿದರು.

“ಇದು ಪುಣೆದವ್ರು ಓದತಾರ್ರಿ. ಆಫೀಸ್‌ನ್ಯಾಗ ನೀವು ಓದತೀರಿ. ನನಗ ಮುಟ್ಟಬ್ಯಾಡ ಅಂದಾವ್ರು ಫ್ಲೋರ್‌ನ್ಯಾಗ ಅದಾರ್ರಿ. ಅವ್ರಿಗೆ ಯಾರು ಹೇಳತಾರ್ರಿ?” ಎಂದರು. ದನಿ ಏರಿರಲಿಲ್ಲ. “ನೌಕರಿ ಹೋಗಿದ್ರ ಇನ್ನೊಂದ ಕಡೆ ಸಿಗತಿತ್ರಿ ಮೇಡಂ. ಮುಟ್ಟಬ್ಯಾಡ ಅನ್ನೂ ಮಾತು ಎಲ್ಲಿ ಹೋದ್ರೂ ಕಿವ್ಯಾಗ ಇರತೈತಿ.”

ಮರುದಿನ ಬೆಳಿಗ್ಗೆ ಆರಕ್ಕೆ ಐದು ನಿಮಿಷವಿರುವಾಗ, ಪಾಳಿ ಶುರುವಾಗುವ ಮುಂಚಿನ ಮೀಟಿಂಗಿಗೆ ನಾನು ಹೋದೆ. ನನ್ನ ಹೊತ್ತು ಅಲ್ಲ ಅದು. ಐವತ್ತು ಜನ ಸಾಲಾಗಿ ನಿಂತಿದ್ದರು. ಎರಡು ಬಳೆಗಳನ್ನೂ ಎತ್ತಿ ತೋರಿಸಿದೆ. “ಈ ಚೆನ್ನಾಗಿರೋದು ಸೈಕಲಲ್ಲಿ ಬಂದು ಕೈ ತೊಳೀದೆ ಹಿಡಿದಿದ್ದು. ಈ ತುಕ್ಕು ಹಿಡಿದಿರೋದು ನಾನು ಹಿಡಿದಿದ್ದು. ಎರಡು ತಿಂಗಳಿಂದ ಪುಣೆಗೆ ಹೋದ ತುಕ್ಕೆಲ್ಲ ನನ್ನ ಕೈದು. ತಪ್ಪು ಬರೆದಿದ್ದೂ ನಾನೇ” ಎಂದೆ. ಬಳೆಗಳನ್ನು ಸಾಲಿನಲ್ಲಿ ಕೈಯಿಂದ ಕೈಗೆ ಕಳಿಸಿದೆ. ಸೈಕಲ್ಲಿನವರ ಕೈಗೆ ಬಂದಾಗ ಅವರು ತಮ್ಮದನ್ನು ನೋಡಲಿಲ್ಲ, ನನ್ನದನ್ನು ತಿರುಗಿಸಿ ನೋಡಿ ಮುಂದಿನವರಿಗೆ ಕೊಟ್ಟರು.

ನಮ್ಮಲ್ಲಿ ಪ್ರತಿ ಪಾಳಿಯ ಮೊದಲ ತುಂಡನ್ನು ಆಪರೇಟರ್ ತಾನೇ ತೊಳೆದು ಕ್ವಾಲಿಟಿಗೆ ತರಬೇಕು. ಅದು ಪಾಸಾಗದೆ ಎರಡನೆಯದನ್ನು ಮಾಡುವಂತಿಲ್ಲ. ಅಂದು ಏಳು ಗಂಟೆಯ ಹೊತ್ತಿಗೆ ಸೈಕಲ್ಲಿನವರು ಗ್ಲೌಸ್ ಹಾಕಿಕೊಂಡು ಸ್ಪೂಲ್ ಹಿಡಿದು ಬಂದರು. ಇನ್‌ಸ್ಪೆಕ್ಟರುಗಳಿಬ್ಬರೂ ಅಲ್ಲೇ ಇದ್ದರು. ಇಷ್ಟು ವರ್ಷದ ಅಭ್ಯಾಸ, ನಾನು ಕೈ ಚಾಚಿದೆ.

ಅವರು ಕೊಡಲಿಲ್ಲ.

“ಮುಟ್ಟಬ್ಯಾಡ್ರಿ ಮೇಡಂ” ಎಂದರು. “ಮೊದಲ ಗ್ಲೌಸ್ ಹಾಕ್ಕೋರಿ.”

ಅವರ ಮುಖದಲ್ಲಿ ನಗುವಿರಲಿಲ್ಲ. ಇನ್‌ಸ್ಪೆಕ್ಟರುಗಳು ನನ್ನನ್ನೇ ನೋಡುತ್ತಿದ್ದರು. ನಾನು ಡ್ರಾಯರ್ ಎಳೆದು ಗ್ಲೌಸ್ ತೆಗೆದೆ, ಒಂದೊಂದೇ ಬೆರಳು ತೂರಿಸಿ ಎರಡೂ ಕೈಗೆ ಹಾಕಿಕೊಂಡೆ. ಅಷ್ಟು ಹೊತ್ತೂ ಅವರು ಕಾದರು. ಆಮೇಲೆ ಕೊಟ್ಟರು.